ಬೆನ್ನಿಗೆ ಗೆಜ್ಜೆ ಕಟ್ಟಿಕೊಂಡು ಗಂಡಕಿಗೆ

ನಾನು ಎಲ್ಲಿಗೆ ಹೋದರೂ ನೆಟ್ಟಗೆ ಹೋಗಿ ನೆಟ್ಟಗೆ ಬಂದದ್ದು ಅಂತ ಇಲ್ಲವೇ ಇಲ್ಲ. ಹುಬ್ಬಳ್ಳಿಗೆ ಅಂತ ಹತ್ತಿದ ಬಸ್ಸು ನನ್ನನ್ನು ಬಂಕಾಪುರದ ಹೊಲದ ಬದಿಗೆ ಇಳಿಸಿ, ಟಾಯರು ಬಿಚ್ಚಿಕೊಂಡು ಕೂತುಬಿಡುತ್ತದೆ. ಮದುವೆಗೆ ಹೋದರೆ ಪಕ್ಕದ ಛತ್ರದಲ್ಲಿ ಉಂಡು ಬರುತ್ತೇನೆ. ಇಂಥವನ ಹಣೆಯಲ್ಲಿ ಪರದೇಶ ಪ್ರವಾಸವೂ ಬರೆದಿತ್ತು ಅಂದ ಮೇಲೆ ಅದು ಹೆಂಗ ಆಗಿರಬಹುದು, ನೀವೇ ವಿಚಾರ ಮಾಡ್ರಿ.

ಎಂಬತ್ತರ ದಶಕದ ಶುರುವಿನ ಮಾತು. ನಾನಾಗ ಹಾನಗಲ್ಲಿನಲ್ಲಿ ಓವರ್ಸೀಯರ್ ಇದ್ದೆ. ಸವಣೂರಿನಲ್ಲಿ ನನ್ನ ಸೋದರಮಾವ ಇದ್ದರು. ನಾವು ಮಾಮಾ ಅನ್ನುತ್ತೇವೆ, ಊರವರು ಮಾಸ್ತರ್ರು ಅನ್ನುತ್ತಾರೆ. ಸಂಸ್ಕೃತ ಕಲಿಸಿ ನಿವೃತ್ತರಾದವರು. ಮಾಮಾಗೆ ಇದ್ದದ್ದು ಒಂದೇ ಕೊರಗು. ಅಣ್ಣ ತಮ್ಮ ಬ್ಯಾರೆ ಆಗುವಾಗ ಮನೆಯ ದೇವರ ಪೆಟ್ಟಿಗೆ ಅಣ್ಣನ ಪಾಲಿಗೆ ಹೋಗಿತ್ತು, ಅದರೊಳಗಿನ ಸಾಲಿಗ್ರಾಮಗಳೂ ಹೋಗಿದ್ದವು. ಸಾಲಿಗ್ರಾಮ ಇಲ್ಲದ ಮನೆಯಲ್ಲಿ ತೀರ್ಥ ಎಲ್ಲಿಂದ ಬರಬೇಕು? ತೀರ್ಥ ತೊಗೊಳ್ಳದೆ ಮಾಮಾ ಉಣ್ಣುವವರಲ್ಲ. ಹಿಂಗಾಗಿ ದಿನಾ ಅಣ್ಣನ ಮನೆಗೆ ಹೋಗಬೇಕು. ಬಾಗಿಲು ತೆಗೆಯುವ ಅತ್ತಿಗೆಯದು ದಿನಾ ಒಂದೇ ಮಾತು: "ಬಂದ್ರೇನು? ಇನ್ನೂ ಪೂಜಿ ಮುಗಿದಿಲ್ಲ. ಕಟ್ಟಿ ಮ್ಯಾಲೆ ಕೂಡ್ರಿ." ಆ ಕಟ್ಟೆಯ ಮೇಲೆ ಹಸಿದುಕೊಂಡು ಕೂತು ಕೂತು ಮಾಮಾನ ಅರ್ಧ ಆಯುಷ್ಯ ಹೋಗಿತ್ತು.

ಅವರ ನೇಮ ಬ್ಯಾರೆ ಗಟ್ಟಿ. ಸಾಲಿಗ್ರಾಮ ರೊಕ್ಕ ಕೊಟ್ಟು ಕೊಳ್ಳಬಾರದು, ಬಾಯಿ ಬಿಟ್ಟು ಬೇಡಬಾರದು. ನದಿಯಲ್ಲಿ ತಾನಾಗಿ ಸಿಗಬೇಕು, ಇಲ್ಲವೇ ಯಾರಾದರೂ ತಾವಾಗಿಯೇ ಕೊಡಬೇಕು. ಅದು ಸಿಗೋದು ನೇಪಾಳದ ಗಂಡಕಿ ನದಿಯಲ್ಲಿ. ಅಲ್ಲಿಗೆ ಗುಡ್ಡ ಹತ್ತಿ ಇಳಿದು ನಡೆದೇ ಹೋಗಬೇಕು. ಮಾಮಾನ ಮೊಣಕಾಲು ಆಗಲೇ ತಕರಾರು ಶುರು ಮಾಡಿದ್ದವು. "ಈ ವರ್ಷ ನಡದ್ರ ನಡದೆ. ಇಲ್ಲಂದ್ರ ಸಾಯೂತನಕ ನನಗ ಆ ಕಟ್ಟೀನs ಗತಿ" ಅಂದರು. ಅದನ್ನು ಕೇಳಿ ನಮ್ಮವ್ವ ನನಗೆ, "ನನ್ನ ತಮ್ಮನ್ನ ಒಬ್ಬನ್ನ ಕಳಸಬ್ಯಾಡ, ನೀನೂ ಹೋಗು" ಅಂತ ಹುಕುಮ್ ಮಾಡಿದಳು.

ಮೂರನೆಯವರು ಚಿಕ್ಕೇರೂರಿನ ಸಾವಕಾರರು. ಹತ್ತಿ, ಮೆಣಸಿನಕಾಯಿ ವ್ಯಾಪಾರ. ಮಾಮಾನ ಹಳೇ ಗೆಳೆಯರು. ಆಳು ದೊಡ್ಡದು, ಹೊಟ್ಟೆ ಅದಕ್ಕಿಂತ ದೊಡ್ಡದು, ಸೊಂಟಕ್ಕೆ ಯಾವಾಗಲೂ ಎಲೆ ಅಡಿಕೆಯ ಚಂಚಿ. ಪಕ್ಕಾ ಶಿವಭಕ್ತರು. "ನಿಮ್ಮ ದೇವರ ಕಡೆ ನಾ ಬರ್ತೇನಿ ಮಾಸ್ತರ್ರ, ಆಮ್ಯಾಲೆ ನಮ್ಮ ಪಶುಪತಿ ಕಡೆ ನೀವು ಬರ್ರಿ" ಅಂತ ಕರಾರು ಮಾಡಿಕೊಂಡು ಹೊರಟರು.

೧. ಚೀಲ

ಮೂವರಿಗೂ ಬೆನ್ನಿಗೆ ಹಾಕುವ ಚೀಲ ಬೇಕಾಗಿದ್ದವು. ಆಗ ನಮ್ಮ ಕಡೆ ಅಂಥಾವು ಎಲ್ಲಿ ಸಿಗಬೇಕು? ಒಂದು ಇಂಗ್ಲಿಷ್ ವಾರಪತ್ರಿಕೆಯಲ್ಲಿ ಗುಡ್ಡ ಹತ್ತುವವರ ಫೋಟೋ ಬಂದಿತ್ತು. ಅದನ್ನು ಕತ್ತರಿಸಿಕೊಂಡು ಶಿಗ್ಗಾಂವಿಗೆ ಹೋಗಿ ಒಬ್ಬ ಸಿಂಪಿಗನಿಗೆ ತೋರಿಸಿದೆ. ಅವನು ಲಾರಿಯ ತಾಡಪತ್ರಿ ಹೊಲಿಯುವುದರಲ್ಲಿ ಹೆಸರಾದವನು. ಹಬ್ಬ ಬಂತೆಂದರೆ ಎತ್ತಿನ ಮೈಮೇಲೆ ಹಾಕುವ ಜೂಲವನ್ನೂ ಹೊಲಿಯುತ್ತಿದ್ದ. ಫೋಟೋ ನೋಡಿ, "ಇದೇನ್ರಿ ಸಾಹೇಬ್ರ, ಎಡಗೈಲೆ ಹೊಲೀತೇನಿ" ಅಂದ.

ವಾರ ಬಿಟ್ಟು ಹೋದೆ. ಚೀಲ ಭೇಷ್ ಗಟ್ಟಿ ಇದ್ದವು. ಆದರೆ ಅಂಚಿನ ಸುತ್ತ ಕೆಂಪು ಹಳದಿ ಗೊಂಡೆ, ನಡುವೆ ಕನ್ನಡಿ ಚೂರು, ಕೆಳಗೆ ಒಂದು ಸಾಲು ಗೆಜ್ಜೆ. ನನ್ನ ಜೀವ ಬಾಯಿಗೆ ಬಂತು. "ಏನೋ ಮಾರಾಯಾ ಇದು? ಫೋಟೋದಾಗ ಗೆಜ್ಜಿ ಎಲ್ಲಿದ್ವು?" ಅಂತ ಕೇಳಿದೆ.

"ಫೋಟೋದಾಗಿನ ಮಂದಿ ಬಡವರು ಇರಬೇಕ್ರಿ. ನೀವು ಪರದೇಶಕ್ಕ ಹೊಂಟೀರಿ. ಬರೇ ಚೀಲ ಕೊಟ್ಟು ಕಳಿಸಿದ್ರ ಶಿಗ್ಗಾಂವಿ ಮರ್ಯಾದಿ ಏನಾಗಬೇಕು?" ಅಂದ.

ಬಿಚ್ಚಿಸಲಿಕ್ಕೆ ಹೊತ್ತಿರಲಿಲ್ಲ. ನನ್ನ ಮತ್ತು ಮಾಮಾನ ಚೀಲದ ಗೆಜ್ಜೆಗಳನ್ನು ಬಸ್ಸಿನಲ್ಲಿ ಕೂತು ಬ್ಲೇಡಿನಿಂದ ಕೊಯ್ದೆ. ಸಾವಕಾರರು ಮಾತ್ರ ತಮ್ಮ ಚೀಲ ಮುಟ್ಟಗೊಡಲಿಲ್ಲ. "ಇರ್ಲಿ ಬಿಡೋ ತಮ್ಮಾ, ಚಂದ ಐತಿ" ಅಂತ ಒಂದು ಸಲ ಅಲ್ಲಾಡಿಸಿ ಸದ್ದು ಕೇಳಿ ಖುಷಿಪಟ್ಟರು.

೨. ಪರದೇಶ

ಚಿಕ್ಕೇರೂರಿನಲ್ಲಿ ಸಾವಕಾರರಿಗೆ ಹಾರ ಹಾಕಿ ಬೀಳ್ಕೊಟ್ಟಿದ್ದರು. ಪರದೇಶಕ್ಕೆ ಹೊರಟವರು ಆ ಊರಿನಲ್ಲಿ ಅವರೇ ಮೊದಲಿಗರು. ಅಕ್ಕನವರು, ಅಂದರೆ ಅವರ ಹೆಂಡತಿ, ಆರತಿ ಎತ್ತಿ ಕಣ್ಣೊರೆಸಿಕೊಂಡಿದ್ದರು. ಹಿಂಗಾಗಿ ಸಾವಕಾರರ ತಲೆಯಲ್ಲಿ ಪರದೇಶ ಅಂದರೆ ಏನೋ ದೊಡ್ಡದೇ ಇತ್ತು.

ರೈಲು ಬದಲಿಸಿ, ಬಸ್ಸು ಬದಲಿಸಿ, ಮೈಯೆಲ್ಲ ಧೂಳಾಗಿ ಗಡಿಗೆ ಬಂದೆವು. ಒಂದು ಕಮಾನು, ಅದರ ಕಂಬಕ್ಕೆ ಕಟ್ಟಿದ ಒಂದು ಆಡು, ಒಂದು ಚಹಾದಂಗಡಿ, ಸೈಕಲ್ ರಿಕ್ಷಾಗಳ ಗದ್ದಲ. ಒಬ್ಬ ಪೊಲೀಸಪ್ಪ ನಮ್ಮ ಚೀಲದಲ್ಲಿ ಕೈಯಾಡಿಸಿದ. ಹಾದಿಗೆ ತಿನ್ನಲಿಕ್ಕೆ ಕಟ್ಟಿಕೊಂಡಿದ್ದ ಕುರುಕಲು, ಸವಣೂರಿನ ಖಾರದ ಪೊಟ್ಟಣ ಸಿಕ್ಕಿತು. ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು, ಹೋಗಿ ಅಂತ ಕೈ ಮಾಡಿದ. ನಡೆದೆವು.

ಒಂದಿಷ್ಟು ದೂರ ಹೋದ ಮೇಲೆ ಸಾವಕಾರರು ಕೇಳಿದರು: "ತಮ್ಮಾ, ಪರದೇಶ ಇನ್ನೂ ಎಷ್ಟು ದೂರ ಐತಿ?"

"ಬಂದು ಆಗಲೇ ಹೊತ್ತಾತ್ರಿ. ಹಿಂದ ಆಡು ಕಟ್ಟಿತ್ತಲ್ಲ, ಅಲ್ಲೇ ಶುರು ಆತು."

ಸಾವಕಾರರು ನಿಂತೇಬಿಟ್ಟರು. ಮುಖ ಸಪ್ಪಗಾಯಿತು. "ಅಲ್ಲೋ, ಮೊದಲ ಹೇಳಬಾರದೇನು? ಯಾವ ಕಾಲು ಇಟ್ಟೆನೋ ಏನೋ!" ಅಂದವರೇ, ಗೆಜ್ಜೆ ಝಣಝಣ ಅನ್ನಿಸುತ್ತ ಭಾರತಕ್ಕೆ ತಿರುಗಿ ಹೋದರು. ಆಡಿನ ಹತ್ತಿರ ಚಪ್ಪಲಿ ಬಿಟ್ಟು, ನೆಲ ಮುಟ್ಟಿ ನಮಸ್ಕಾರ ಮಾಡಿ, ಬಲಗಾಲು ಇಟ್ಟು ಮತ್ತೊಮ್ಮೆ ಪರದೇಶಕ್ಕೆ ಬಂದರು. ಪೊಲೀಸಪ್ಪ ಹೊಸಬರು ಅಂತ ತಿಳಿದು ಇನ್ನೊಂದು ಮುಷ್ಟಿ ಖಾರ ತೆಗೆದುಕೊಂಡ.

೩. ಮುಂದಾಳು

ಗುಡ್ಡದ ಹಾದಿ ಅಂದರೆ ಒಂದು ಕಡೆ ಗೋಡೆ, ಒಂದು ಕಡೆ ಪ್ರಪಾತ. ಆ ಹಾದಿಯಲ್ಲಿ ನಮ್ಮಂಥ ಚೀಲದವರು ಬಹಳ. ದೇಶದೇಶದ ಬಿಳಿ ಹುಡುಗರು ಹುಡುಗಿಯರು ಗಡ್ಡ ಬಿಟ್ಟೋ, ತಲೆಗೆ ರುಮಾಲು ಕಟ್ಟಿಯೋ ನಡೆಯುತ್ತಿದ್ದರು. ಅವರ ಹೊರತು ಅಲ್ಲಿ ಓಡಾಡುವುದು ಸಾಮಾನು ಹೊರುವ ಹೇಸರಗತ್ತೆಗಳ ಸಾಲು.

ಆ ಸಾಲುಗಳಲ್ಲಿ ಎಲ್ಲಕ್ಕಿಂತ ಮುಂದಿರುವ ಹೇಸರಗತ್ತೆಗೆ ಶೃಂಗಾರ ಮಾಡಿರುತ್ತಾರೆ. ತಲೆಗೆ ಗೊಂಡೆ, ಹಣೆಗೆ ಕನ್ನಡಿ, ಕೊರಳಿಗೆ ಗೆಜ್ಜೆ. ಉಳಿದವು ಆ ಸದ್ದು ಹಿಡಿದುಕೊಂಡು ಹಿಂದೆ ಹೋಗುತ್ತವೆ. ಇದು ನಮಗೆ ಗೊತ್ತಾದದ್ದು ಆಮೇಲೆ.

ಒಂದು ಕಡೆ ಹಾದಿ ಎರಡಾಗಿತ್ತು. ಸಾಲಿನ ಮುಂದಾಳು ನೀರು ಕುಡಿಯಲಿಕ್ಕೆ ಪಕ್ಕಕ್ಕೆ ಸರಿದಿತ್ತು. ಅಷ್ಟರಲ್ಲಿ ಸಾವಕಾರರು ಝಣಝಣ ಅಂತ ಮುಂದೆ ದಾಟಿ ಹೋದರು. ಹಿಂದಿನ ಹೇಸರಗತ್ತೆಗಳು ಒಂದನ್ನೊಂದು ನೋಡಿ ಸಾವಕಾರರ ಹಿಂದೆ ಹೊರಟವು. ಇವರು ಗಾಬರಿಯಾಗಿ ಜೋರು ನಡೆದರೆ ಅವೂ ಜೋರು. ನಿಂತರೆ ಅವೂ ನಿಂತು ಇವರ ಬೆನ್ನು ಮೂಸಿದವು.

"ಏ ಮಾಸ್ತರ್ರ, ನೋಡ್ರಿ ಇವನ್ನ! ಯಾಕ ನನ್ನ ಬೆನ್ನು ಹತ್ಯಾವ?" ಅಂತ ಸಾವಕಾರರು ಕೂಗಿದರು.

ಅವುಗಳ ಮಾಲೀಕ ತೇಕುತ್ತ ಓಡಿ ಬಂದ. ನನ್ನ ಹರಕು ಮುರುಕು ಹಿಂದಿಯಲ್ಲಿ ಮಾಫಿ ಕೇಳಿದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಸಾವಕಾರರನ್ನು ಮೇಲಿಂದ ಕೆಳಗೆ ನೋಡಿ, ಚೀಲದ ಗೊಂಡೆ ಮುಟ್ಟಿ, ಇವರು ಸಂಜೆತನಕ ಹಿಂಗೇ ಮುಂದೆ ನಡೆಯುವುದಾದರೆ ಊಟ ವಸತಿ ತನ್ನದು ಅಂದ.

ನಾನು ಅದನ್ನು ಕನ್ನಡಕ್ಕೆ ಹೇಳಿದೆ. ಸಾವಕಾರರು ವ್ಯಾಪಾರಸ್ಥರು. ಸಿಟ್ಟು ಮಾಡಿಕೊಳ್ಳುವ ಬದಲು, "ಊಟದಾಗ ತುಪ್ಪ ಇರತೈತೇನ್ ಕೇಳು" ಅಂದರು.

೪. ಮಡಿ

ಮಾಮಾ ಪರದೇಶದಲ್ಲೂ ಮಡಿ ಬಿಟ್ಟವರಲ್ಲ. ಸ್ನಾನ ಮಾಡಿ, ಪಂಚೆ ಹಿಂಡಿ, ಯಾರೂ ಮುಟ್ಟದ ಕಡೆ ಒಣಹಾಕುವರು. ಮರುದಿನ ಅದನ್ನು ಉಟ್ಟೇ ಅಡುಗೆ, ಪೂಜೆ. ತೀರ್ಥಕ್ಕೆ ಅಣ್ಣನ ಮನೆಯಿಂದ ಒಂದು ಸಣ್ಣ ಸೀಸೆ ತುಂಬಿಸಿಕೊಂಡು ಬಂದಿದ್ದರು. ಅಕ್ಕಿ ಬೇಳೆ ನಾನು ಹೊರಬೇಕು, ಬೇಯಿಸುವುದು ಅವರು. ಇತ್ತ ಸಾವಕಾರರದು ಲಿಂಗಪೂಜೆ. ಒಬ್ಬರದು ಮುಗಿದರೆ ಇನ್ನೊಬ್ಬರದು ಮುಗಿದಿರುವುದಿಲ್ಲ. ಬಿಳಿ ಹುಡುಗರು ಎದ್ದು ತಿಂದು ಒಂದು ಗುಡ್ಡ ದಾಟಿರುತ್ತಿದ್ದರು; ನಾನು ಹರಿಗೂ ಹರನಿಗೂ ನಡುವೆ ಹೊಟ್ಟೆ ಹಿಡಿದುಕೊಂಡು ಕೂತಿರುತ್ತಿದ್ದೆ.

ಮೇಲೆ ಮೇಲೆ ಹೋದಂತೆ ಚಳಿ ಸುರುವಾಯಿತು. ಒಂದು ಮುಂಜಾನೆ ಎದ್ದು ನೋಡಿದರೆ ಹಗ್ಗದ ಮೇಲಿನ ಪಂಚೆ ಗಡ್ಡೆಗಟ್ಟಿಹೋಗಿದೆ. ಮಾಮಾ ಅದನ್ನು ಇಳಿಸಿ ನೆಲಕ್ಕೆ ಊರಿದರು. ಪಂಚೆ ತಾನೇ ನಿಂತಿತು! ಸುತ್ತಿಕೊಳ್ಳಲಿಕ್ಕೆ ಹೋದರೆ ಹಪ್ಪಳದಂಗ ಟಪಟಪ ಅನ್ನುತ್ತದೆ.

"ಮಾಮಾ, ಒಲಿ ಮುಂದ ಹಿಡೀಲೇನು?" ಅಂದೆ.

"ಮುಟ್ಟಬ್ಯಾಡಾ! ಮಡಿ ಅದ!"

"ಮತ್ತ ನೀವರ ಹಿಡೀರಿ."

"ಆ ಒಲಿ ಮ್ಯಾಲೆ ಈ ವಸತಿ ಮನಿಯವರು ಏನೇನು ಬೇಯಿಸ್ಯಾರೋ ಏನೋ. ಅದರ ಹೊಗಿ ತಾಕಬಾರದು."

ಉಳಿದದ್ದು ಸೂರ್ಯನಾರಾಯಣ ಒಬ್ಬನೇ. ಅವನು ಆ ದೊಡ್ಡ ಗುಡ್ಡ ಹತ್ತಿ ನಮ್ಮ ಅಂಗಳಕ್ಕೆ ಬರುವುದರೊಳಗೆ ಹೊತ್ತು ನೆತ್ತಿಗೇರಿತ್ತು. ಸಾವಕಾರರು ಕಂಬಳಿ ಹೊದ್ದು ಪಂಚೆಯ ಎದುರಿಗೇ ಕೂತಿದ್ದರು. ನಡುನಡುವೆ, "ಮಾಸ್ತರ್ರ, ತುದಿಗೆ ಒಂದು ಹನಿ ಬಿತ್ತು ನೋಡ್ರಿ" ಅಂತ ಸುದ್ದಿ ಕೊಡುತ್ತಿದ್ದರು. ಅವತ್ತು ಪಂಚೆ ಕರಗಿದ ಮೇಲೆ ನಮಗೆ ಊಟ ಸಿಕ್ಕಿತು.

೫. ನದಿ

ಕಡೆಗೂ ಗಂಡಕಿಯ ಪಾತ್ರಕ್ಕೆ ಇಳಿದೆವು. ಎಲ್ಲಿ ನೋಡಿದರೂ ಕಪ್ಪು ಕಲ್ಲು. ಸಾವಕಾರರು ಚೀಲ ಕಾಯುತ್ತ ದಂಡೆಯ ಮೇಲೆ ಕೂತರು. ಮಾಮಾ ಮೊಣಕಾಲಿನ ಮಟ ಆ ಕೊರೆಯುವ ನೀರಿನಲ್ಲಿ ನಿಂತು, ಒಂದೊಂದೇ ಕಲ್ಲು ಎತ್ತಿ, ತಿರುಗಿಸಿ ನೋಡಿ, ನಮಸ್ಕಾರ ಮಾಡಿ ತಿರುಗಿ ಇಡುವರು. ನಾನೂ ಹುಡುಕಿದೆ. ಸಿಕ್ಕದ್ದೆಲ್ಲ ಬರೇ ಕಲ್ಲು. ಪಕ್ಕದಲ್ಲಿ ಒಬ್ಬ ಬಿಳಿ ಹುಡುಗ ಬಗ್ಗಿ ಶೂ ದಾರ ಕಟ್ಟಿಕೊಳ್ಳುತ್ತಿದ್ದವನು ಕಾಲ ಬುಡದಿಂದ ಒಂದನ್ನು ಎತ್ತಿ, ಆಹಾ ಅಂತ ಕಿಸೆಗೆ ಹಾಕಿಕೊಂಡು ಹೋದ. ಮಾಮಾ ನೋಡಿದರು. ಮತ್ತೆ ಮುಂದಿನ ಕಲ್ಲಿಗೆ ಬಗ್ಗಿದರು.

ಹಾದಿಬದಿಯಲ್ಲಿ ಹೆಂಗಸರು ಅರಿವೆ ಹಾಸಿ ಸಾಲಿಗ್ರಾಮ ಮಾರುತ್ತಿದ್ದರು. ಮಾಮಾ ಅಲ್ಲಿ ಮುಖ ತಿರುಗಿಸಿಕೊಂಡೇ ನಡೆದರು. ಒಬ್ಬ ಮುದುಕಿ ಎದ್ದು ಬಂದು, ನಕ್ಕು, ಒಂದು ಸಾಲಿಗ್ರಾಮವನ್ನು ಅವರ ಅಂಗೈಯಲ್ಲಿ ಇಟ್ಟೇಬಿಟ್ಟಳು. ಮಾಮಾನ ಮುಖ ಅರಳಿತು. "ನೋಡೋ, ತಾನಾಗೇ ಕೊಟ್ಟಳು! ಸಾಕ್ಷಾತ್ ಲಕ್ಷ್ಮಿ!" ಅಂದರು. ಅಷ್ಟರಲ್ಲಿ ಲಕ್ಷ್ಮಿ ರೊಕ್ಕಕ್ಕೆ ಕೈ ಚಾಚಿದಳು. ಮಾಮಾ ಸಾಲಿಗ್ರಾಮವನ್ನು ಕಣ್ಣಿಗೆ ಒತ್ತಿಕೊಂಡು ತಿರುಗಿ ಕೊಟ್ಟರು.

ನನಗೆ ಸಿಟ್ಟು ಬಂತು. "ಯಾರು ನೋಡ್ತಾರ ಮಾಮಾ? ತೊಗೊಂಡುಬಿಡ್ರಿ. ಸವಣೂರಾಗ ನದ್ಯಾಗ ಸಿಕ್ತು ಅಂದ್ರಾತು."

"ಯಾವ ದೇವರಿಗೆ ಪೂಜಾ ಮಾಡ್ಬೇಕೋ ಅದs ದೇವರ ಬಗ್ಗೆ ಸುಳ್ಳು ಹೇಳಲೇನೋ?" ಅಂದರು ಮಾಮಾ. ಆ ರಾತ್ರಿ ಅವರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, "ಇರ್ಲಿ ಬಿಡು. ಕಟ್ಟಿ ಏನು ತಂಪs ಇರ್ತದ" ಅಂದರು. ನಗಿಸಲಿಕ್ಕೆ ಅಂದ ಮಾತು. ನನಗೆ ಅಳು ಬಂತು.

೬. ಗವಿ

ಬರಿಗೈಲೆ ಇಳಿದು ಬಂದೆವು. ಗುಡ್ಡ ಮುಗಿದು ಊರು ಸಿಕ್ಕಿತು. ಮಾಮಾ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಅವರ ಮನಸ್ಸು ಹಗುರ ಮಾಡಬೇಕು ಅಂತ ಸಾವಕಾರರು, "ಇಲ್ಲೊಂದು ಗವಿ ಐತೆಂತ. ಒಳಗ ತಾನಾಗಿ ಮೂಡಿದ ಲಿಂಗ ಐತೆಂತ. ಬರ್ರಿ ಮಾಸ್ತರ್ರ" ಅಂತ ಎಬ್ಬಿಸಿದರು. ಹಾದಿ ತೋರಿಸುವವನೊಬ್ಬನನ್ನು ಕರೆದುಕೊಂಡು, ಬ್ಯಾಟರಿ ಹಿಡಿದು ಒಳಗೆ ಇಳಿದೆವು.

ಜಾರು ಬಂಡೆ, ಕತ್ತಲೆ, ತಲೆಯ ಮೇಲೆ ಗೊಂಚಲು ಗೊಂಚಲು ಬಾವಲಿ. ಲಿಂಗದ ದರ್ಶನ ಆಯಿತು. ತಿರುಗಿ ಬರುವ ಹಾದಿ ಬ್ಯಾರೆ, ಮೇಲಕ್ಕೆ ಒಂದು ಸಣ್ಣ ಕಿಂಡಿ. ಅಲ್ಲಿ ಹಾದಿಯವನು ಹೇಳಿದ: "ಪಾಪ ಮಾಡದವರಷ್ಟೇ ಈ ಕಿಂಡಿಯಿಂದ ಹೊರಗೆ ಬರುತ್ತಾರೆ." ಅವನು ಸರ್ರನೆ ಹೊರಬಿದ್ದ. ಹಿಂದೆ ನಾನೂ ಹೊರಗೆ ಬಂದೆ. ನನ್ನ ಹಿಂದೆ ಸಾವಕಾರರು. ತಲೆ ಬಂತು, ಹೆಗಲು ಬಂತು, ಸೊಂಟಕ್ಕೆ ಬಂದು ನಿಂತರು. ಕೆಳಗೆ ಮಾಮಾ ಕತ್ತಲೆಯಲ್ಲಿ ಒಬ್ಬರೇ.

ನಾವಿಬ್ಬರೂ ಕೈ ಹಿಡಿದು ಜಗ್ಗಿದೆವು. ಜಪ್ಪಯ್ಯ ಅನ್ನಲಿಲ್ಲ. ಆಗ ಕೆಳಗಿನಿಂದ, ಸಾವಕಾರರ ಹೊಟ್ಟೆಯೇ ಮಾತಾಡಿದಂಗ, ಮಾಮಾನ ದನಿ ಬಂತು: "ಸಾವಕಾರ್ರ, ಏನರ ಪಾಪ ಇದ್ರ ಹೇಳಿ ಹಗುರಾಗ್ರಿ."

ಸಾವಕಾರರು ಬೆವೆತಿದ್ದರು. "ಏನಿಲ್ರಿ ಮಾಸ್ತರ್ರ… ಒಮ್ಮೆ ಹಾನಗಲ್ಲ ಸಂತ್ಯಾಗ ಮೆಣಸಿನಕಾಯಿಗೆ ನೀರು ಹೊಡದಿದ್ದೆ."

"ಒಮ್ಮೆನ?"

"ವರ್ಷಕ್ಕ ಒಮ್ಮೆ."

ನಿಮ್ಮಾಣೆ, ಒಂದು ಬೆರಳಿನಷ್ಟು ಮೇಲೆ ಬಂದರು! ಅವರಿಗೆ ಧೈರ್ಯ ಬಂತು. "ಹೋದ ವರ್ಷ ನಿಮಗ ಬ್ಯಾಡಗಿ ಮೆಣಸಿನಕಾಯಿ ಅಂತ ಕೊಟ್ನೆಲ್ರಿ, ಅವು ಬ್ಯಾಡಗೀವಲ್ಲ."

"ಅದು ನನಗ ಹೋದ ವರ್ಷನ ಗೊತ್ತಾಗೇದ. ಮುಂದಿನದು ಹೇಳ್ರಿ" ಅಂದರು ಮಾಮಾ.

ಮುಂದಿನದೂ ಆಯಿತು, ಅದರ ಮುಂದಿನದೂ ಆಯಿತು. ಸಾವಕಾರರು ಮಾತ್ರ ಅಲ್ಲೇ. ಆಮೇಲೆ ಮಾಮಾ ಕೆಳಗಿನಿಂದ ತಡವಿ ನೋಡಿ, "ಪಾಪ ಅಲ್ರೀ ಇದು. ನಿಮ್ಮ ಸೊಂಟದ ಚಂಚಿಯೊಳಗ ಏನೋ ಗುಂಡಂದು ಕಲ್ಲಿಗೆ ಸಿಕ್ಕೊಂಡದ" ಅಂದರು.

"ಅಯ್ಯ, ಅದಾ! ಅಡಕೊತ್ತು ಹೊಳ್ಯಾಗ ಬಿತ್ರಿ. ಅದಕ್ಕ ಅಡಿಕಿ ಜಜ್ಜಾಕಂತ ದಂಡಿಮ್ಯಾಗಿಂದ ಒಂದು ಕಲ್ಲು ಎತ್ತಿ ಚಂಚ್ಯಾಗ ಹಾಕ್ಕೊಂಡೇನಿ. ಬಿಚ್ಚಿ ಬಿಡ್ತೇನಿ, ಹಿಡ್ಕೋರ್ರಿ."

ನಮಗಿಬ್ಬರಿಗೂ ಇದು ಗೊತ್ತೇ ಇರಲಿಲ್ಲ. ಪೂಜೆ ಮುಗಿಯುವತನಕ ಮಾಮಾ ಉಪವಾಸ ಇರುವಾಗ ಎದುರಿಗೆ ಎಲೆ ಅಡಿಕೆ ಹಾಕಬಾರದು ಅಂತ ಸಾವಕಾರರು ಯಾವಾಗಲೂ ಗೋಡೆಯ ಹಿಂದೆ ಹೋಗುತ್ತಿದ್ದರು. ಚಂಚಿ ಕೆಳಗೆ ಬಿತ್ತು. ಸಾವಕಾರರು ಪುಸಕ್ಕನೆ ಹೊರಗೆ ಬಂದು ನನ್ನ ಮೈಮೇಲೆ ಬಿದ್ದರು.

ಮಾಮಾ ಬರಲಿಲ್ಲ. ಕೂಗಿದರೆ ಉತ್ತರ ಇಲ್ಲ. ಬ್ಯಾಟರಿ ಬಿಟ್ಟು ನೋಡಿದೆ. ಮಾಮಾ ಎರಡೂ ಕೈಯಲ್ಲಿ ಆ ಕಲ್ಲು ಹಿಡಿದು ನಿಂತಿದ್ದಾರೆ. ಕಪ್ಪಗೆ, ನುಣ್ಣಗೆ, ನಿಂಬೆಹಣ್ಣಿನಷ್ಟು. ಬದಿಗೆ ಒಂದು ಸಣ್ಣ ಬಾಯಿ, ಅದರೊಳಗೆ ಸುತ್ತು ಸುತ್ತಾಗಿ ಚಕ್ರ.

ನಾನು ಬಾಯಿ ತೆಗೆದೆ. ಮಾಮಾ ಬೇಡ ಅಂತ ತಲೆ ಅಲ್ಲಾಡಿಸಿದರು. ತಾವು ಬೇಡಬಾರದು, ನಾನು ಸೂಚಿಸಿದರೂ ಬೇಡಿದಂಗ. ಆ ಮುಖ ನೋಡಿ ನಾನು ನಾಲಿಗೆ ಕಚ್ಚಿ ಹಿಡಿದೆ.

ಸಾವಕಾರರಿಗೆ ಸಾಲಿಗ್ರಾಮದ ಗುರುತೂ ಇಲ್ಲ, ಇದಾವುದೂ ಗೊತ್ತಿಲ್ಲ. "ಮಾಸ್ತರ್ರ, ಅತ್ತಾಗ ಒಗದು ಬರ್ರಿ ಆ ಕಲ್ಲು!"

"ಒಗೀಲಿಕ್ಕೆ ಬರೂದಿಲ್ಲ."

"ಹಂಗಾರ ಇತ್ತ ಕೊಡ್ರಿ, ನಾನs ಒಗೀತೇನಿ."

ಇನ್ನೊಬ್ಬರ ವಸ್ತು, ಕೇಳಿದ ಮೇಲೆ ಇಟ್ಟುಕೊಳ್ಳುವ ಹಂಗಿಲ್ಲ. ಕಿಂಡಿಯಿಂದ ಮಾಮಾನ ಕೈ ನಿಧಾನ ಮೇಲೆ ಬಂತು. ಅಂಗೈಯಲ್ಲಿ ಕಲ್ಲು. ಬೆರಳು ಮಾತ್ರ ಅದನ್ನು ಬಿಡಲೊಲ್ಲವು. ಸಾವಕಾರರು ತೊಗೊಳ್ಳಲಿಕ್ಕೆ ಬಗ್ಗಿದವರು ಆ ಕೈ ನೋಡಿ ನಿಂತರು.

"ಅಯ್ಯ, ಕಲ್ಲಿನ ಮ್ಯಾಲೆ ಅಷ್ಟು ಮನಸ ಇದ್ರ ನೀವ ಇಟಗೋರ್ರಿ ಮಾರಾಯ್ರ! ತೊಗೋರ್ರಿ, ನಿಮಗs ಕೊಟ್ಟೆ. ಮನಿಯಾಗ ಏನರ ಜಜ್ಜಾಕ ಆಗತೈತಿ. ಮೊದಲ ಹೊರಗ ಬರ್ರಿ, ಬಾವಲಿ ಕಡದಾವು!"

ಮಾಮಾ ಮೊಣಕಾಲು ನೋವು ಮರೆತು ಒಂದೇ ಜಿಗಿತಕ್ಕೆ ಹೊರಗೆ ಬಂದರು. ಹುಲ್ಲಿನ ಮೇಲೆ ಕೂತು, ಕಲ್ಲನ್ನು ಎದೆಗೆ ಒತ್ತಿಕೊಂಡು, ಸಣ್ಣ ಹುಡುಗರಂಗ ಅತ್ತರು. ನಾನೂ ಅತ್ತೆ. ಸಾವಕಾರರು ಗಾಬರಿಯಾಗಿ ಏನಾತು ಏನಾತು ಅಂತ ಕೇಳಿದರು. ಹೇಳಿದೆ.

ಅವರ ಮುಖದ ರಕ್ತವೇ ಇಳಿಯಿತು. "ಶಿವ ಶಿವಾ! ಅದರಲೇ ದಿನಾ ಅಡಿಕಿ ಜಜ್ಜೇನಲ್ರಿ! ಎಂಜಲಗೈಲೆ ಮುಟ್ಟೇನಲ್ರಿ! ಮಾಸ್ತರ್ರ, ನಿಮಗ ಸಿಕ್ಕದ್ದನ್ನ ಕೆಡಿಸಿಬಿಟ್ಟೆನೇನ್ರಿ?" ಅಂತ ಕೈ ಮುಗಿದು ನಿಂತರು.

ನನಗೂ ಅದೇ ಹೆದರಿಕೆ. ಪಂಚೆಗೆ ಒಲೆಯ ಹೊಗೆ ತಾಕಬಾರದು ಅನ್ನುವ ಮನುಷ್ಯ. ಇದಕ್ಕೆ ಏನಂತಾರೋ? ಮಾಮಾ ಕಲ್ಲು ನೋಡಿದರು, ಸಾವಕಾರರನ್ನು ನೋಡಿದರು, ಕಣ್ಣೊರೆಸಿಕೊಂಡು ಎದ್ದರು.

"ಕೆಟ್ಟದ್ದೇನೂ ಇಲ್ಲ ಸಾವಕಾರ್ರ. ಕ್ರಮ ಸ್ವಲ್ಪ ಹಿಂದ ಮುಂದ ಆಗೇದ, ಅಷ್ಟ. ಇಷ್ಟು ದಿನಾ ದೇವರಿಗೆ ಬರೇ ತಾಂಬೂಲ ಕೊಟ್ಟೀರಿ, ಊಟಕ್ಕs ಹಾಕಿಲ್ಲ. ನಡೀರಿ, ಮೊದಲ ಅನ್ನಕ್ಕ ಇಡೂಣು."